ಧಗೆಯಲ್ಲಿ ಹಿತ್ತಲ ಕೋಳಿ: ಮಧ್ಯಾಹ್ನದ ಬಿಸಿಲಿಗಿಂತ ಮೊದಲು ರಾತ್ರಿಯ ಗೂಡನ್ನು ನೋಡಿ

ಪ್ರಶ್ನೆ: ಮನೆಯ ಹಿತ್ತಲಲ್ಲಿ 12 ಹೇಟೆ ಮತ್ತು ಒಂದು ಹುಂಜವನ್ನು ಸಾಕಿದ್ದೇವೆ. ಗೂಡಿಗೆ ಹಲಗೆಯ ಗೋಡೆ, ತಗಡಿನ ಮಾಡು. ಬಿಸಿಲು 38 ಡಿಗ್ರಿ ಮುಟ್ಟಿದಂದಿನಿಂದ ಕೋಳಿಗಳು ಮಧ್ಯಾಹ್ನವಿಡೀ ಬಾಯಿ ತೆರೆದು ಏದುಸಿರು ಬಿಡುತ್ತಿವೆ. ಮೊಟ್ಟೆ ಅರ್ಧಕ್ಕೆ ಇಳಿದಿದೆ, ಸಿಗುವ ಮೊಟ್ಟೆಯ ಸಿಪ್ಪೆಯೂ ತೆಳು. ಕಳೆದ ವಾರ ಎರಡು ಹೇಟೆಗಳು, ಅದರಲ್ಲೂ ಚೆನ್ನಾಗಿ ಮೈತುಂಬಿಕೊಂಡಿದ್ದವೇ, ರಾತ್ರಿ ಗೂಡಿನೊಳಗೆ ಸತ್ತಿದ್ದವು. ನೀರಿಗೆ ಸುಣ್ಣ ಬೆರೆಸಿ, ಮೈಮೇಲೆ ನೀರು ಚಿಮುಕಿಸಿ, ವಿಟಮಿನ್ ಕೊಡಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಸರಿ? ಮುಂದೆ ಹೊಸ ಕೋಳಿ ತರುವುದಾದರೆ ಎಂಥವನ್ನು ತರಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ನೀವು ಹೋಗುತ್ತ ಹೋಗುತ್ತ ಹೇಳಿದ್ದೀರಿ: ಸತ್ತ ಎರಡೂ ಹೇಟೆಗಳು ಸತ್ತದ್ದು ರಾತ್ರಿ, ಗೂಡಿನೊಳಗೆ. ಬೇಸಿಗೆಯಲ್ಲಿ ಕೋಳಿ ಸಾಕುವವರು ಸಾಮಾನ್ಯವಾಗಿ ಮಧ್ಯಾಹ್ನದ ಬಿಸಿಲಿಗೆ ಹೆದರುತ್ತಾರೆ, ಅಂಗಳದಲ್ಲಿ ನೆರಳು ಮಾಡುತ್ತಾರೆ, ನೀರು ಇಡುತ್ತಾರೆ, ಸಂಜೆಯಾದೊಡನೆ ಗೂಡಿನ ಬಾಗಿಲು ಹಾಕಿ ನಿಶ್ಚಿಂತರಾಗುತ್ತಾರೆ. ನೆರಳು, ಗಾಳಿ, ನೀರು ಸಿಕ್ಕರೆ ಆರೋಗ್ಯವಾದ ಹೇಟೆ 38 ಡಿಗ್ರಿಯ ಮಧ್ಯಾಹ್ನವನ್ನು ಕಷ್ಟಪಟ್ಟಾದರೂ ದಾಟುತ್ತದೆ. ಆದರೆ ಹಗಲಿಡೀ ಮೈಯಲ್ಲಿ ಸೇರಿಕೊಂಡ ಕಾವನ್ನು ಹೊರಹಾಕಲು ಅದಕ್ಕೆ ರಾತ್ರಿಯ ಕೆಲವು ತಂಪು ಗಂಟೆಗಳು ಬೇಕೇ ಬೇಕು. ಆ ಗಂಟೆಗಳನ್ನು ಮುಚ್ಚಿದ ಗೂಡು ಕಿತ್ತುಕೊಂಡರೆ, ಹಗಲಿನಲ್ಲಿ ನೀವು ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಸುಣ್ಣ ಮತ್ತು ವಿಟಮಿನ್‌ಗಳ ಮಾತನ್ನು ಸ್ವಲ್ಪ ಬದಿಗಿಟ್ಟು ಗೂಡಿನಿಂದಲೇ ಆರಂಭಿಸುತ್ತೇನೆ.

ಅದಕ್ಕೂ ಮೊದಲು ಕೋಳಿಯ ಮೈ ಹೇಗೆ ತಣಿಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಸಲಹೆಗಳೂ ಅದರ ಮೇಲೆ ನಿಂತಿವೆ. ಕೋಳಿಯ ದೇಹದ ಸಹಜ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಅದು 46 ಡಿಗ್ರಿಯ ಆಸುಪಾಸಿಗೆ ಏರಿದರೆ ಹಕ್ಕಿ ಬದುಕುವುದಿಲ್ಲ. ಸಹಜಕ್ಕೂ ಸಾವಿಗೂ ನಡುವೆ ಇರುವುದು ಇಷ್ಟೇ ಅಂತರ. ಮನುಷ್ಯರಿಗಿರುವಂತೆ ಬೆವರಿನ ಗ್ರಂಥಿಗಳು ಅದಕ್ಕಿಲ್ಲ, ಮೈಮೇಲೆ ಪುಕ್ಕದ ಹೊದಿಕೆ ಬೇರೆ. ಹವೆ 18ರಿಂದ 24 ಡಿಗ್ರಿಯೊಳಗೆ ಇರುವಾಗ ಯಾವ ಪ್ರಯಾಸವೂ ಇಲ್ಲದೆ ಮೈಯ ಕಾವು ಸುತ್ತಲಿನ ಗಾಳಿಗೆ ಹರಿದುಹೋಗುತ್ತದೆ. ಬಿಸಿ ಏರಿದಂತೆ ಜುಟ್ಟು, ಗಲ್ಲದ ಜೋಲು ಮತ್ತು ಕಾಲುಗಳಿಗೆ ರಕ್ತ ಹೆಚ್ಚು ಹರಿಯತೊಡಗುತ್ತದೆ, ಕೋಳಿ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಅವುಗಳಡಿಯ ಬೋಳು ಚರ್ಮಕ್ಕೆ ಗಾಳಿ ಕೊಡುತ್ತದೆ, ತಂಪು ಮಣ್ಣು ಕೆದಕಿ ಎದೆಯೂರಿ ಮಲಗುತ್ತದೆ. ಹವೆಯ ಉಷ್ಣತೆ 30 ದಾಟಿ ಮೈಯ ಉಷ್ಣತೆಗೆ ಹತ್ತಿರವಾಗುತ್ತ ಹೋದ ಹಾಗೆ ಈ ಉಪಾಯಗಳ ಬಲ ಕುಂದುತ್ತದೆ. ಆಗ ಉಳಿಯುವುದು ಒಂದೇ ದಾರಿ: ಬಾಯಿ ತೆರೆದು ಏದುಸಿರು ಬಿಟ್ಟು, ಗಂಟಲು ಮತ್ತು ಶ್ವಾಸನಾಳದ ತೇವವನ್ನು ಆವಿಯಾಗಿಸಿ, ಆ ಆವಿಯೊಂದಿಗೆ ಕಾವನ್ನು ಹೊರಕಳಿಸುವುದು. ನಿಮಿಷಕ್ಕೆ 20ರಿಂದ 35 ಬಾರಿ ಉಸಿರಾಡುವ ಹೇಟೆ ಆ ಸ್ಥಿತಿಯಲ್ಲಿ 150ಕ್ಕೂ ಹೆಚ್ಚು ಬಾರಿ ಉಸಿರಾಡುತ್ತದೆ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಏದುಸಿರು ರೋಗವಲ್ಲ, ಅದು ಕೋಳಿಯ ಕೊನೆಯ ರಕ್ಷಣೆ. ಅದನ್ನು ಔಷಧಿಯಿಂದ ನಿಲ್ಲಿಸಲು ಹೋಗಬಾರದು, ಅದರ ಅಗತ್ಯವನ್ನೇ ಕಡಿಮೆ ಮಾಡಬೇಕು. ಎರಡನೆಯದಾಗಿ, ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಗಂಟಲಿನ ತೇವ ಆವಿಯಾಗುವುದು ನಿಧಾನವಾಗುತ್ತದೆ. ಒಣ ಹವೆಯ 38 ಡಿಗ್ರಿಗಿಂತ ಸೆಖೆಯ 34 ಡಿಗ್ರಿ ಕೆಲವೊಮ್ಮೆ ಹೆಚ್ಚು ಕೋಳಿಗಳನ್ನು ಕೊಲ್ಲುವುದು ಇದೇ ಕಾರಣಕ್ಕೆ.

ಈಗ ಗೂಡಿಗೆ ಬರೋಣ. ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ನಿಮ್ಮ ಗೂಡಿನೊಳಗೆ ಕೈಯಿಟ್ಟು, ಕೋಳಿಗಳು ಕೂರುವ ಗಳದ ಎತ್ತರದಲ್ಲಿ ಸ್ವಲ್ಪ ಹೊತ್ತು ಹಿಡಿದು ನೋಡಿ. ಅನಂತರ ಅದೇ ಕೈಯನ್ನು ಹೊರಗಿನ ಗಾಳಿಗೆ ಒಡ್ಡಿ. ವ್ಯತ್ಯಾಸ ಕೈಗೆ ಗೊತ್ತಾಗುವಷ್ಟಿದ್ದರೆ ಗೂಡು ಕೆಟ್ಟದ್ದೆಂದೇ ತಿಳಿಯಿರಿ. ಗಳಕ್ಕೆ ಒಂದು ಉಷ್ಣಮಾಪಕ ಕಟ್ಟಿಟ್ಟರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಕಾದ ತಗಡು ಸುಲಭವಾಗಿ 60 ಡಿಗ್ರಿ ದಾಟುತ್ತದೆ. ಅದು ಕೆಳಗಿನ ಗಾಳಿಯನ್ನು ಕಾಯಿಸುವುದಷ್ಟೇ ಅಲ್ಲ, ತನ್ನ ಶಾಖವನ್ನು ನೇರವಾಗಿ ಕೋಳಿಯ ಬೆನ್ನಿನ ಮೇಲೆ ಸೂಸುತ್ತದೆ, ಹಲಗೆ, ಹಾಸು, ನೆಲ ಎಲ್ಲವನ್ನೂ ಬಿಸಿ ಮಾಡಿಟ್ಟಿರುತ್ತದೆ. ಸೂರ್ಯ ಮುಳುಗಿದ ಮೇಲೆ ತಗಡು ಬೇಗ ತಣಿಯುತ್ತದೆ. ಒಳಗಿನ ಬಿಸಿಗಾಳಿ ಮಾತ್ರ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಇದರ ಜೊತೆಗೆ ಎರಡು ಕಿಲೋ ತೂಗುವ ಹೇಟೆ ಸುಮಾರು 10 ವ್ಯಾಟ್‌ನಷ್ಟು ಶಾಖವನ್ನು ತಾನೇ ಹೊರಸೂಸುತ್ತಿರುತ್ತದೆ. 12 ಹೇಟೆ, ಒಂದು ಹುಂಜವೆಂದರೆ, ಮುಚ್ಚಿದ ಪೆಟ್ಟಿಗೆಯೊಳಗೆ ನೂರು ವ್ಯಾಟ್‌ಗಿಂತ ದೊಡ್ಡ ಬಲ್ಬನ್ನು ರಾತ್ರಿಯಿಡೀ ಉರಿಸಿಟ್ಟಂತೆಯೇ ಸರಿ.

ಮಾಡಿಗೆ ಮೊದಲ ಚಿಕಿತ್ಸೆ ನೆರಳು. ತಗಡಿನ ಮೇಲೆ ಒಂದು ಅಡಿ ಅಂತರ ಬಿಟ್ಟು ನೆರಳುಬಲೆಯನ್ನೋ ತಟ್ಟಿಯನ್ನೋ ಒಣಹುಲ್ಲಿನ ಹೊದಿಕೆಯನ್ನೋ ಕಟ್ಟಿ. ಆ ಅಂತರ ಮುಖ್ಯ. ಬಲೆಯನ್ನು ತಗಡಿಗೆ ತಾಗಿಸಿ ಹಾಸಿದರೆ ಬಲೆಯ ಬಿಸಿ ತಗಡಿಗೇ ಇಳಿಯುತ್ತದೆ, ನಡುವೆ ಗಾಳಿಯಾಡಿದರೆ ಅದು ಹಾರಿಹೋಗುತ್ತದೆ. ತಗಡಿನ ಮೇಲ್ಮೈಗೆ ಬಿಳಿ ಸುಣ್ಣವನ್ನು ದಪ್ಪಗೆ ಬಳಿದರೂ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ, ಮಳೆಗೆ ತೊಳೆದುಹೋದಾಗ ಮತ್ತೆ ಬಳಿಯಬೇಕಾಗುತ್ತದೆ ಅಷ್ಟೆ. ಹೊಸ ಗೂಡು ಕಟ್ಟುವುದಾದರೆ ಅದರ ಉದ್ದ ಪೂರ್ವ–ಪಶ್ಚಿಮವಾಗಿರಲಿ, ಆಗ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಬೀಳುವುದು ಚಿಕ್ಕ ಗೋಡೆಗಳ ಮೇಲೆ ಮಾತ್ರ. ಸೂರಿನಂಚು ಗೋಡೆಯಿಂದ ಎರಡು ಮೂರು ಅಡಿ ಹೊರಚಾಚಿರಲಿ.

ಎರಡನೆಯದು ಗಾಳಿ. ಇಲ್ಲಿ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಬಿಸಿ ಹವೆಯ ಊರಿನಲ್ಲಿ ಕೋಳಿಗೂಡಿಗೆ ನಾಲ್ಕೂ ಕಡೆ ಗೋಡೆ ಇರಲೇಬಾರದು. ಹೆಚ್ಚಿನ ಗೂಡುಗಳ ಮಾದರಿಗಳು ಚಳಿ ಪ್ರದೇಶಗಳಿಂದ ಬಂದವು. ಅಲ್ಲಿ ಗೂಡಿನ ಕೆಲಸ ಬೆಚ್ಚಗಿಡುವುದು, ಇಲ್ಲಿ ಅದರ ಕೆಲಸ ನೆರಳು ಕೊಟ್ಟು ಶತ್ರುಗಳನ್ನು ತಡೆಯುವುದು ಮಾತ್ರ. ನಿಮ್ಮ ಗೂಡಿನ ಉದ್ದನೆಯ ಎರಡೂ ಬದಿಗಳ ಹಲಗೆಗಳನ್ನು, ಕೆಳಗಿನ ಒಂದೆರಡು ಅಡಿ ಬಿಟ್ಟು, ಪೂರ್ತಿ ತೆಗೆದುಹಾಕಿ ಅಲ್ಲಿ ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿಯನ್ನು ಬಡಿಯಿರಿ. ಜಾಲರಿಯ ಕಣ್ಣು ಅರ್ಧ ಇಂಚು ಮೀರಬಾರದು. ಕೋಳಿಗಳಿಗೆಂದೇ ಮಾರುವ ಷಟ್ಕೋನ ಕಣ್ಣಿನ ತೆಳು ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಅದರ ಕಣ್ಣುಗಳಲ್ಲಿ ಇಲಿಯೂ ಹಾವೂ ನುಸುಳುತ್ತವೆ. ರಾತ್ರಿ ಬಾಗಿಲು ಭದ್ರವಾಗಿರಬೇಕು ಎನ್ನುವ ಕಾಳಜಿ ಸರಿಯಾದದ್ದೇ, ಆದರೆ ಭದ್ರತೆಯನ್ನು ಜಾಲರಿಯಿಂದ ಪಡೆಯಬೇಕು, ಮುಚ್ಚಿದ ಹಲಗೆಯಿಂದಲ್ಲ. ಮಾಡಿನ ತುದಿಯಲ್ಲಿ, ಬಿಸಿಗಾಳಿ ಮೇಲೇರಿ ಹೊರಹೋಗುವಂತೆ, ಉದ್ದಕ್ಕೂ ಒಂದು ಕಿಂಡಿ ಇದ್ದರೆ ಕೆಳಗಿನಿಂದ ತಂಪುಗಾಳಿ ತಾನಾಗಿ ಒಳಬರುತ್ತದೆ. ಗಾಳಿ ಸುಳಿಯದ ರಾತ್ರಿಗಳಲ್ಲಿ ಒಂದು ಸಣ್ಣ ಫ್ಯಾನ್ ಕೂಡ ಜೀವ ಉಳಿಸುತ್ತದೆ, ತಂತಿಗಳು ಕೋಳಿಯ ಕೊಕ್ಕಿಗೂ ಧೂಳಿಗೂ ನೀರಿಗೂ ಸಿಗದಂತೆ ಕಟ್ಟಿರಬೇಕು.

ಕೂರುವ ಗಳದಲ್ಲಿ ಪ್ರತಿ ಕೋಳಿಗೆ 25 ಸೆಂಟಿಮೀಟರಿನಷ್ಟಾದರೂ ಜಾಗವಿರಲಿ. ಬೇಸಿಗೆಯಲ್ಲಿ ಅವು ಒಂದರಿಂದೊಂದು ದೂರ ಕೂರಲು ಬಯಸುತ್ತವೆ, ಜಾಗವಿಲ್ಲದಿದ್ದರೆ ಬಲವಿಲ್ಲದ ಹೇಟೆ ಮೂಲೆಗೆ ಒತ್ತರಿಸಲ್ಪಡುತ್ತದೆ. ನೆಲದ ಹಾಸು ಚಳಿಗಾಲದಷ್ಟು ದಪ್ಪಗೆ ಬೇಡ. ದಪ್ಪ ಹಾಸಿನಲ್ಲಿ ಹಿಕ್ಕೆ ಕೊಳೆಯುವಾಗಲೂ ಶಾಖ ಹುಟ್ಟುತ್ತದೆ, ಅಮೋನಿಯಾದ ಘಾಟು ಬೇರೆ; ಎರಡು ಇಂಚಿನ ಒಣ ಹೊಟ್ಟು ಸಾಕು, ಗಳದ ಕೆಳಗಿನ ಹಿಕ್ಕೆಯನ್ನು ದಿನವೂ ತೆಗೆಯಿರಿ.

ಒಂದು ವಿಷಯವನ್ನು ಬಹಳ ಮಂದಿ ಗಮನಿಸುವುದಿಲ್ಲ. ಮೊಟ್ಟೆ ಇಡುವ ಪೆಟ್ಟಿಗೆಗಳು ಎಷ್ಟೋ ಗೂಡುಗಳಲ್ಲಿ ಹೊರಗೋಡೆಗೆ ಅಂಟಿಕೊಂಡು, ಮೂರು ಕಡೆ ಬಿಸಿಲಿಗೆ ಒಡ್ಡಿಕೊಂಡು, ಮೇಲೊಂದು ತಗಡಿನ ಮುಚ್ಚಳ ಹೊತ್ತು ನಿಂತಿರುತ್ತವೆ. ಮೊಟ್ಟೆ ಇಡುವ ಹೇಟೆ ಅದರೊಳಗೆ ಅರ್ಧ ಗಂಟೆಯೋ ಒಂದು ಗಂಟೆಯೋ ಕೂರುತ್ತದೆ; ಕಾವು ಕೂರುವ ಹೇಟೆಯಾದರೆ ಹಸಿವು ಬಾಯಾರಿಕೆಯನ್ನೂ ಲೆಕ್ಕಿಸದೆ ದಿನವಿಡೀ ಕೂರುತ್ತದೆ, ಅಲ್ಲೇ ಸಾಯುವುದೂ ಉಂಟು. ಪೆಟ್ಟಿಗೆಯ ಹಿಂಬದಿಯ ಹಲಗೆಗೆ ಸಾಲಾಗಿ ತೂತು ಕೊರೆದು, ಮುಚ್ಚಳದ ಮೇಲೆ ನೆರಳು ಮಾಡಿ. ನಿಮ್ಮ ಮೊಟ್ಟೆ ಅರ್ಧಕ್ಕಿಳಿದದ್ದರಲ್ಲಿ ಒಂದು ಪಾಲು ಬಹುಶಃ ಕಡಿಮೆಯಾದದ್ದೇ ಅಲ್ಲ. ಪೆಟ್ಟಿಗೆ ಬಿಸಿಯೆಂದು ಹೇಟೆಗಳು ಪೊದೆಯಡಿಯಲ್ಲೋ ಸೌದೆಯ ಸಂದಿಯಲ್ಲೋ ಮೊಟ್ಟೆ ಇಡುತ್ತಿರಬಹುದು, ಒಮ್ಮೆ ಹುಡುಕಿ ನೋಡಿ.

ಹಗಲಿನ ಅಂಗಳಕ್ಕೆ ಹೆಚ್ಚು ಹೇಳಬೇಕಾದದ್ದಿಲ್ಲ. ಮರದ ನೆರಳಿಗೆ ಸಮನಾದ ನೆರಳು ಬೇರೊಂದಿಲ್ಲ, ಎಲೆಗಳು ನೀರಾವಿ ಬಿಡುವುದರಿಂದ ಅದರ ಕೆಳಗಿನ ಗಾಳಿಯೂ ತುಸು ತಂಪು. ಮರವಿಲ್ಲದಿದ್ದರೆ ಚಪ್ಪರಕ್ಕೆ ಬಳ್ಳಿ ಹಬ್ಬಿಸಿ, ಅದು ಹಬ್ಬುವ ತನಕ ನೆರಳುಬಲೆ ಕಟ್ಟಿ. ನೆರಳಿನ ಒಂದು ಭಾಗದ ನೆಲವನ್ನು ಬೆಳಿಗ್ಗೆ ತೋಯಿಸಿ ಬಿಟ್ಟರೆ ಕೋಳಿಗಳು ಅಲ್ಲಿ ಗುಳಿ ತೋಡಿಕೊಂಡು ಮಧ್ಯಾಹ್ನ ಕಳೆಯುತ್ತವೆ. ಮೇಲಿನ ಬಿಸಿ ಪದರವನ್ನು ಕಾಲಿನಿಂದ ಕೆದಕಿ ಎಸೆದು, ಕೆಳಗಿನ ತಣ್ಣನೆಯ ಮಣ್ಣಿಗೆ ಎದೆಯನ್ನೂ ಕಾಲುಗಳನ್ನೂ ಒತ್ತಿ, ಒಂದು ರೆಕ್ಕೆಯನ್ನು ಚಾಚಿ ಮಲಗುವ ಹೇಟೆಯನ್ನು ನೀವು ನೋಡಿರುತ್ತೀರಿ. ಹೂಗಿಡ ಹಾಳಾಗುತ್ತದೆಂದು ಓಡಿಸಬೇಡಿ. ಧೂಳುಸ್ನಾನದ ಒಣಮಣ್ಣಿನ ಗುಂಡಿ ಬೇರೆಯದು, ಅದೂ ಇರಲಿ.

ನೀರಿನ ವಿಷಯದಲ್ಲಿ ಎಷ್ಟಿದೆ ಎಂಬುದಕ್ಕಿಂತ ಎಷ್ಟು ತಂಪಾಗಿದೆ ಎಂಬುದು ಮುಖ್ಯ. ತಂಪು ಕಾಲದಲ್ಲಿ ಒಂದು ಹೇಟೆ ದಿನಕ್ಕೆ ಸುಮಾರು ಕಾಲು ಲೀಟರ್ ನೀರು ಕುಡಿಯುತ್ತದೆ. 35 ಡಿಗ್ರಿ ದಾಟಿದ ದಿನಗಳಲ್ಲಿ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಏದುಸಿರಿನಲ್ಲಿ ಆವಿಯಾಗುವ ನೀರೆಲ್ಲ ಇಲ್ಲಿಂದಲೇ ಬರಬೇಕು. ಆದರೆ ಬಿಸಿಲಿಗೆ ಕಾದ ನೀರನ್ನು ಕೋಳಿ ಮೂಸಿಯೂ ನೋಡುವುದಿಲ್ಲ. ಪಾತ್ರೆ ತುಂಬಿದ್ದರೂ ಬಾಯಾರಿ ಬಳಲುತ್ತದೆ. ಆದ್ದರಿಂದ ಪಾತ್ರೆಗಳನ್ನು ಎರಡು ಮೂರು ಕಡೆ, ದಿನವಿಡೀ ನೆರಳು ಉಳಿಯುವ ಜಾಗದಲ್ಲಿ ಇಡಿ. ಒಂದೇ ಪಾತ್ರೆಯಿದ್ದರೆ ಗುಂಪಿನ ಜಗಳಗಂಟಿ ಹೇಟೆ ಅದನ್ನು ಕಾವಲು ಕಾಯುತ್ತದೆ. ಮಣ್ಣಿನ ಅಗಲ ಪಾತ್ರೆ ತನ್ನ ಮೈಯಿಂದಲೇ ನೀರು ಆವಿಯಾಗಿಸಿ ತಂಪಾಗುತ್ತದೆ, ಪ್ಲಾಸ್ಟಿಕ್ ಮತ್ತು ಲೋಹದ ಪಾತ್ರೆಗಳಿಗೆ ಆ ಗುಣವಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಮೂರಕ್ಕೂ ನೀರು ಬದಲಿಸಿ. ಕೊಳವೆಯಲ್ಲಿ ಬರುವ ನೀರಾದರೆ ಬಿಸಿಲಿಗೆ ಬಿದ್ದಿರುವ ಕೊಳವೆಯೊಳಗಿನ ಮೊದಲ ನೀರನ್ನು ಹೊರಗೆ ಬಿಟ್ಟು ಮುಟ್ಟಿ ನೋಡಿ ತುಂಬಿಸಿ. ಬಿಸಿಯಲ್ಲಿ ಪಾಚಿಯೂ ಸೂಕ್ಷ್ಮಾಣುಗಳೂ ಬೇಗ ಬೆಳೆಯುವುದರಿಂದ ಪಾತ್ರೆಯನ್ನು ದಿನಕ್ಕೊಮ್ಮೆ ಉಜ್ಜಿ ತೊಳೆಯಲೇಬೇಕು. ರಾತ್ರಿ ಗೂಡಿನೊಳಗೂ ಒಂದು ಪಾತ್ರೆ ನೀರಿರಲಿ.

ಮೇವಿನ ವಿಷಯಕ್ಕೆ ಬಂದರೆ, ಮೈತುಂಬಿದ ಹೇಟೆಗಳೇ ಏಕೆ ಸತ್ತವು ಎಂಬುದಕ್ಕೂ ಉತ್ತರ ಸಿಗುತ್ತದೆ. ದೊಡ್ಡ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತಾರ ಕಡಿಮೆ, ಚರ್ಮದಡಿಯ ಕೊಬ್ಬು ಕಾವನ್ನು ಹೊರಬಿಡುವುದಿಲ್ಲ; ಇವುಗಳ ಜೊತೆಗೆ ತಿಂದ ಮೇವು ಜೀರ್ಣವಾಗುವಾಗ ಹುಟ್ಟುವ ಶಾಖವೂ ಸೇರುತ್ತದೆ. ಆ ಶಾಖ ಗರಿಷ್ಠಕ್ಕೆ ಏರುವುದು ತಿಂದ ನಾಲ್ಕರಿಂದ ಆರು ಗಂಟೆಗಳ ಬಳಿಕ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಹೊಟ್ಟೆ ತುಂಬ ತಿಂದ ಕೋಳಿಯ ಒಳಗಿನ ಬಿಸಿ ಮಧ್ಯಾಹ್ನ ಮೂರರ ಹೊರಗಿನ ಬಿಸಿಯೊಡನೆ ಕೂಡಿಕೊಳ್ಳುತ್ತದೆ. ಇನ್ನೊಮ್ಮೆ ಹೀಗೆ ಕೋಳಿ ಸತ್ತರೆ ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿ. ಧಗೆಗೆ ಸತ್ತ ಕೋಳಿಯಲ್ಲಿ ಅದು ಎಷ್ಟೋ ಸಲ ತುಂಬಿಯೇ ಇರುತ್ತದೆ, ದಿನಗಟ್ಟಲೆ ರೋಗದಿಂದ ನರಳಿ ಸತ್ತದ್ದರಲ್ಲಿ ಬರಿದಾಗಿರುತ್ತದೆ.

ಆದ್ದರಿಂದ ಬೆಳಕು ಹರಿಯುವ ಮೊದಲೇ ಮೇವು ತೊಟ್ಟಿಯಲ್ಲಿರಲಿ, ಒಂಬತ್ತರ ಸುಮಾರಿಗೆ ಎತ್ತಿಬಿಡಿ, ಬಿಸಿಲಿಳಿದ ಮೇಲೆ ಮತ್ತೆ ಕೊಡಿ. ಕೋಳಿಗಳು ಹೇಗೂ ಮುಂಜಾನೆ ಮತ್ತು ಮುಸ್ಸಂಜೆಗೇ ಹೆಚ್ಚು ತಿನ್ನುವ ಪ್ರಾಣಿಗಳಾದುದರಿಂದ ಇದು ಅವುಗಳ ಸ್ವಭಾವಕ್ಕೆ ವಿರೋಧವಲ್ಲ. ಸಂಜೆ ಹಸಿದ ಗುಂಪು ಒಂದೇ ತೊಟ್ಟಿಗೆ ಮುಗಿಬಿದ್ದು ತುಳಿದಾಡದಂತೆ ಎಲ್ಲವೂ ಏಕಕಾಲಕ್ಕೆ ನಿಂತು ತಿನ್ನುವಷ್ಟು ತೊಟ್ಟಿಯ ಉದ್ದವಿರಬೇಕು. ಸಂಜೆಯ ಮೇವಿಗೆ ನೀರು ಕಲಸಿ ಪುಡಿಪುಡಿಯಾದ ಹಿಟ್ಟಿನಂತೆ ಕೊಟ್ಟರೆ ಹೆಚ್ಚು ತಿನ್ನುತ್ತವೆ. ಉಳಿದದ್ದನ್ನು ಒಂದು ಗಂಟೆಯೊಳಗೆ ಎಸೆಯಿರಿ, ಬಿಸಿಯಲ್ಲಿ ಕಲಸಿದ ಮೇವು ಹುಳಿಯುವುದಕ್ಕೂ ಬೂಸ್ಟು ಹಿಡಿಯುವುದಕ್ಕೂ ತಡವಾಗುವುದಿಲ್ಲ. ಬಿಸಿ ಹೆಚ್ಚಿದಂತೆ ಕೋಳಿ ತಿನ್ನುವ ಪ್ರಮಾಣ ಇಳಿಯುತ್ತದೆ, 32 ಡಿಗ್ರಿಯ ಮೇಲೆ ಅದು ಬಹಳ ವೇಗವಾಗಿ ಇಳಿಯುತ್ತದೆ. ತಿನ್ನುವ ಸ್ವಲ್ಪದಲ್ಲೇ ಪೋಷಣೆ ಪೂರ್ತಿ ಇರಬೇಕಾದುದರಿಂದ ಈ ತಿಂಗಳುಗಳಲ್ಲಿ ಮೊಟ್ಟೆಕೋಳಿಯ ಸಮತೋಲಿತ ಮೇವಿಗೆ ಬರಿಯ ಕಾಳು, ನುಚ್ಚು ಬೆರೆಸಿ ಸತ್ವ ಕಡಿಮೆ ಮಾಡಬೇಡಿ. ಜೋಳ ತಿಂದರೆ ಕೋಳಿಗೆ ಉಷ್ಣವಾಗುತ್ತದೆ ಎಂಬ ಮಾತು ಬಹಳ ಕೇಳಿಬರುತ್ತದೆ. ವಾಸ್ತವವಾಗಿ ಜೀರ್ಣವಾಗುವಾಗ ಎಲ್ಲಕ್ಕಿಂತ ಹೆಚ್ಚು ಶಾಖ ಹುಟ್ಟಿಸುವುದು ಪ್ರೋಟೀನು, ಎಲ್ಲಕ್ಕಿಂತ ಕಡಿಮೆ ಹುಟ್ಟಿಸುವುದು ಎಣ್ಣೆ. ಧಗೆಗೆಂದು ಪ್ರೋಟೀನನ್ನು ಅಗತ್ಯಕ್ಕಿಂತ ಹೆಚ್ಚು ಕೊಡುವುದೇ ತಪ್ಪು. ಸೌತೆಕಾಯಿ, ಕಲ್ಲಂಗಡಿಯಂಥ ನೀರು ತುಂಬಿದ ಹಣ್ಣು ತರಕಾರಿಗಳನ್ನು ತಂಪು ಮಾಡಿ ಮಧ್ಯಾಹ್ನ ಒಂದಿಷ್ಟು ಕೊಡಬಹುದು, ಮೇವಿನ ಹತ್ತನೇ ಒಂದು ಪಾಲಿಗಿಂತ ಮೀರಬಾರದು.

ಈಗ ತೆಳು ಸಿಪ್ಪೆ ಮತ್ತು ಸುಣ್ಣ. ಮೊಟ್ಟೆಯ ಸಿಪ್ಪೆಯ ನೂರಕ್ಕೆ 94–95 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅಂದರೆ ಸಿಪ್ಪೆಗೆ ಕ್ಯಾಲ್ಸಿಯಂ ಎಷ್ಟು ಬೇಕೋ ಕಾರ್ಬೊನೇಟೂ ಅಷ್ಟೇ ಬೇಕು, ಮತ್ತು ಅದು ಬರುವುದು ರಕ್ತದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡಿನಿಂದ. ಏದುಸಿರು ಬಿಡುವ ಹೇಟೆ ತೇವದ ಜೊತೆಗೆ ಈ ಅನಿಲವನ್ನೂ ಹೊರಹಾಕಿಬಿಡುತ್ತದೆ. ರಕ್ತ ಹೆಚ್ಚು ಕ್ಷಾರೀಯವಾಗುತ್ತದೆ, ಸಿಪ್ಪೆ ಕಟ್ಟಲು ಸಿಗಬೇಕಾದ ಕ್ಯಾಲ್ಸಿಯಂ ಕೂಡ ರಕ್ತದಲ್ಲಿ ಬಳಕೆಗೆ ಸಿಗದ ರೂಪಕ್ಕೆ ತಿರುಗುತ್ತದೆ. ಇದೇ ಅನಿಲ ತುಂಬಿದ ಸೋಡಾ ನೀರು ಕುಡಿಸಿದ ಪ್ರಯೋಗಗಳಲ್ಲಿ ಧಗೆಯಲ್ಲಿದ್ದ ಹೇಟೆಗಳ ಸಿಪ್ಪೆ ಸುಧಾರಿಸಿದ್ದು ಇದೇ ಕಾರಣಕ್ಕೆ. ಮನೆಯಲ್ಲಿ ಅದನ್ನು ಮಾಡಬೇಕೆಂದು ನಾನು ಹೇಳುತ್ತಿಲ್ಲ. ನಿಮ್ಮ ಮೊಟ್ಟೆಯ ತೆಳು ಸಿಪ್ಪೆಗೆ ಕಾರಣ ಕೇವಲ ಸುಣ್ಣದ ಕೊರತೆಯಲ್ಲ, ಏದುಸಿರು ಎಂಬುದನ್ನು ಮನಗಾಣಿಸಲು ಹೇಳಿದೆ. ಏದುಸಿರಿನ ಗಂಟೆಗಳು ಕಡಿಮೆಯಾದರೆ ಸಿಪ್ಪೆ ತಾನಾಗಿ ದಪ್ಪವಾಗುತ್ತದೆ.

ನೀರಿಗೆ ಸುಣ್ಣ ಬೆರೆಸುವುದನ್ನು ಖಂಡಿತ ಮಾಡಬೇಡಿ. ಅದರ ಖಾರಕ್ಕೆ ಕೋಳಿಗಳು ನೀರು ಕುಡಿಯುವುದನ್ನು ಕಡಿಮೆ ಮಾಡುತ್ತವೆ, ಧಗೆಯಲ್ಲಿ ಅದಕ್ಕಿಂತ ಕೆಟ್ಟದ್ದು ಬೇರೇನಿದೆ? ಗಂಟಲು ಸುಡುವ ಅಪಾಯವೂ ಇದೆ. ಬದಲಾಗಿ ಕಪ್ಪೆಚಿಪ್ಪಿನ ಅಥವಾ ಸುಣ್ಣದಕಲ್ಲಿನ ಒರಟು ನುಚ್ಚನ್ನು, 2ರಿಂದ 4 ಮಿಲಿಮೀಟರ್ ಗಾತ್ರದ್ದನ್ನು, ಬೇರೆಯೇ ಒಂದು ಬಟ್ಟಲಲ್ಲಿ ಸಂಜೆಯ ಮೇವಿನ ಹೊತ್ತಿಗೆ ಇಡಿ. ಒಂದು ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ, ಅದರ ಹೆಚ್ಚಿನ ಭಾಗ ಕಳೆಯುವುದು ಕೋಳಿ ಏನೂ ತಿನ್ನದ ರಾತ್ರಿಯಲ್ಲಿ. ಒರಟು ನುಚ್ಚು ಹೊಟ್ಟೆಯಲ್ಲಿ ನಿಧಾನವಾಗಿ ಕರಗಿ ಆ ಹೊತ್ತಿಗೆ ಕ್ಯಾಲ್ಸಿಯಂ ಒದಗಿಸುತ್ತದೆ, ನುಣ್ಣನೆಯ ಪುಡಿ ಸಂಜೆಯೊಳಗೇ ಮುಗಿದುಹೋಗಿರುತ್ತದೆ. ಬೇರೆ ಬಟ್ಟಲು ಏಕೆಂದರೆ ಬೇಕಾದ ಹೇಟೆ ಬೇಕಾದಷ್ಟೇ ತಿನ್ನುತ್ತದೆ. ಮೊಟ್ಟೆ ಇಡದ ಎಳೆಯ ಕೋಳಿಗಳಿಗೆ ಹೆಚ್ಚು ಕ್ಯಾಲ್ಸಿಯಂ ಬಲವಂತವಾಗಿ ಸೇರಿದರೆ ಮೂತ್ರಪಿಂಡ ಕೆಡುತ್ತದೆ.

ವಿಟಮಿನ್‌ಗಳಲ್ಲಿ ಸಿ ಒಂದಕ್ಕೆ ಇಲ್ಲಿ ಅರ್ಥವಿದೆ. ಕೋಳಿ ಅದನ್ನು ತನ್ನ ಮೂತ್ರಪಿಂಡದಲ್ಲಿ ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ತೀವ್ರ ಧಗೆಯಲ್ಲಿ ಅದು ಸಾಲದೆ ಬರುತ್ತದೆ. ಕಿಲೋ ಮೇವಿಗೆ 200ರಿಂದ 250 ಮಿಲಿಗ್ರಾಂ ಸಾಕು. ಪೊಟ್ಯಾಸಿಯಂ, ಸೋಡಿಯಂ ಲವಣಗಳಿರುವ ಕೋಳಿಗಳ ಎಲೆಕ್ಟ್ರೊಲೈಟ್ ಪುಡಿಯನ್ನು ಪೊಟ್ಟಣದ ಮೇಲಿನ ಅಳತೆಯಂತೆ, ಬಿಸಿ ವಿಪರೀತವಾದ ಮೂರು ನಾಲ್ಕು ದಿನ ಮಾತ್ರ, ಹಗಲಿನ ನೀರಿಗೆ ಬೆರೆಸಬಹುದು. ಪಕ್ಕದಲ್ಲಿ ಸಾದಾ ನೀರೂ ಇರಲಿ, ಸಂಜೆಯ ನೀರು ಸಾದಾ ನೀರೇ ಆಗಿರಲಿ. ಇದರ ಮೇಲೆ ಅಡುಗೆ ಸೋಡಾವನ್ನೂ ಉಪ್ಪನ್ನೂ ಅಂದಾಜಿಗೆ ಬೆರೆಸುವುದು ಬೇಡ, ಉಪ್ಪು ಹೆಚ್ಚಾದರೆ ಕೋಳಿಗೆ ವಿಷ. ರಕ್ತಭೇದಿ ತಡೆಯಲೆಂದು ಮೇವಿಗೆ ಸೇರಿಸುವ ಔಷಧಿಗಳಲ್ಲಿ ನಿಕಾರ್ಬಜಿನ್ ಎಂಬುದು ಧಗೆಯ ಸಾವನ್ನು ಹೆಚ್ಚಿಸುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ನೀವು ತರುವ ಮೇವಿನ ಚೀಲದ ಮೇಲೆ ಆ ಹೆಸರಿದ್ದರೆ ಬೇಸಿಗೆಯಲ್ಲಿ ಅದನ್ನು ಬಿಡಿ.

ನೀರು ಚಿಮುಕಿಸುವ ಬಗ್ಗೆ ಒಂದೇ ಮಾತಿನ ಉತ್ತರವಿಲ್ಲ. ಹವೆ ಒಣಗಿದ್ದು ಗಾಳಿ ಚೆನ್ನಾಗಿ ಬೀಸುತ್ತಿದ್ದರೆ ಮಾಡಿನ ಮೇಲೆ, ಅಂಗಳದ ನೆಲಕ್ಕೆ, ಗಾಳಿ ಬರುವ ಕಡೆ ತೂಗುಹಾಕಿದ ಗೋಣಿಚೀಲಕ್ಕೆ ನೀರು ಹಾಕುವುದು ಬಹಳ ಪ್ರಯೋಜನಕಾರಿ. ಗಾಳಿಯಲ್ಲಿ ತೇವ ಈಗಾಗಲೇ ತುಂಬಿದ್ದರೆ, ಅದರಲ್ಲೂ ಮುಚ್ಚಿದ ಗೂಡಿನೊಳಗೆ ನೀರು ಸಿಂಪಡಿಸಿದರೆ, ಕೋಳಿಯ ಉಳಿದೊಂದು ದಾರಿಯನ್ನೂ ನೀವೇ ಮುಚ್ಚಿದಂತಾಗುತ್ತದೆ. ಹಾಸು ಒದ್ದೆಯಾಗಿ ರಕ್ತಭೇದಿಯ ಸೂಕ್ಷ್ಮಜೀವಿಗಳಿಗೂ ನೊಣಗಳಿಗೂ ಅನುಕೂಲವಾಗುತ್ತದೆ.

ಒಂದು ಕೋಳಿ ನಿಲ್ಲಲಾರದೆ ತೂರಾಡುತ್ತಿದ್ದರೆ, ಕಣ್ಣು ಅರೆಮುಚ್ಚಿ ಜುಟ್ಟು ಕಪ್ಪಿಟ್ಟಿದ್ದರೆ, ಮುಟ್ಟಿದರೂ ಕದಲದಿದ್ದರೆ ಆಗ ಕಾಯುವಂತಿಲ್ಲ. ಅದನ್ನು ಓಡಿಸಿ ಹಿಡಿಯದೆ ಮೆಲ್ಲಗೆ ಎತ್ತಿಕೊಂಡು ನೆರಳಿಗೆ ತನ್ನಿ, ಬಕೆಟ್ಟಿನ ತಂಪು ನೀರಿನಲ್ಲಿ ಕಾಲುಗಳಿಂದ ಎದೆಯವರೆಗೆ ಕೆಲವು ನಿಮಿಷ ಇಳಿಸಿ ಹಿಡಿಯಿರಿ, ಜುಟ್ಟು ಮತ್ತು ಗಲ್ಲದ ಜೋಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಳಿಕ ಬೀಸುವ ಗಾಳಿಯಲ್ಲಿ ಇಡಿ. ಐಸು ಹಾಕಿದ ನೀರು ಬೇಡ, ಚರ್ಮದ ರಕ್ತನಾಳಗಳು ಮುದುಡಿ ಒಳಗಿನ ಕಾವು ಒಳಗೇ ಉಳಿಯುತ್ತದೆ. ಬಾಯೊಳಗೆ ನೀರು ಸುರಿಯಬೇಡಿ, ಏದುಸಿರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಕೊಕ್ಕಿನ ಬದಿಗೆ ಹನಿ ಹನಿಯಾಗಿ ತಾಗಿಸಿದರೆ ಅದೇ ನುಂಗಿಕೊಳ್ಳುತ್ತದೆ. ಆ ದಿನ ಅದನ್ನು ಗುಂಪಿಗೆ ಸೇರಿಸದೆ ಪ್ರತ್ಯೇಕವಾಗಿಡಿ.

ಬೇಸಿಗೆಯ ಮೊದಲ ತೀವ್ರ ಬಿಸಿ ದಿನಗಳೇ ಹೆಚ್ಚು ಅಪಾಯಕಾರಿ ಎಂಬುದನ್ನೂ ನೆನಪಿಡಿ. ಬಿಸಿ ಕ್ರಮೇಣ ಏರಿದರೆ ಕೋಳಿಯ ಮೈ ಸುಮಾರು ಒಂದು ವಾರದಲ್ಲಿ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ಹಠಾತ್ತನೆ ಏರಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ. ಲಸಿಕೆ, ಸಾಗಾಣಿಕೆ, ಹಿಡಿದು ತೂಗುವುದು, ರೆಕ್ಕೆ ಕತ್ತರಿಸುವುದು ಇಂಥ ಕೆಲಸಗಳನ್ನೆಲ್ಲ ಮುಂಜಾನೆಗೋ ರಾತ್ರಿಗೋ ಇಟ್ಟುಕೊಳ್ಳಿ. ಆದರೆ ಎಲ್ಲ ತೊಂದರೆಯನ್ನೂ ಧಗೆಯ ತಲೆಗೆ ಕಟ್ಟಬಾರದು. ಧಗೆಯ ಏದುಸಿರು ಸಂಜೆ ತಂಪಾದ ಮೇಲೆ ಇಳಿಯುತ್ತದೆ, ಮುಂಜಾನೆಯ ಹೊತ್ತಿಗೆ ಇರುವುದಿಲ್ಲ. ಮುಂಜಾನೆಯೂ ಬಾಯಿ ತೆರೆದು ಉಸಿರಾಡುತ್ತಿದ್ದರೆ, ಗೊರಗೊರ ಸದ್ದು, ಮೂಗಿನಲ್ಲಿ ಸಿಂಬಳ, ಹಸಿರು ಹಿಕ್ಕೆ, ತಿರುಚಿದ ಕುತ್ತಿಗೆ ಕಂಡರೆ ಅದು ಕೊಕ್ಕರೆ ರೋಗವೋ ಬೇರೆ ಸಾಂಕ್ರಾಮಿಕವೋ ಆಗಿರಬಹುದು. ಕೂಡಲೇ ಪಶುವೈದ್ಯರಿಗೆ ತೋರಿಸಿ, ಸತ್ತ ಕೋಳಿಯನ್ನು ಹೂಳುವ ಮೊದಲು ಅವರನ್ನು ಕೇಳಿ. ಜುಟ್ಟು ಬಿಳಿಚಿಕೊಂಡು ಕೋಳಿಗಳು ರಾತ್ರಿ ಗೂಡಿಗೆ ಹೋಗಲು ಹಿಂಜರಿಯುತ್ತಿದ್ದರೆ ದೀಪ ಹಿಡಿದು ಗಳದ ಸಂದುಗಳನ್ನು ನೋಡಿ. ಕೆಂಪು ನುಸಿ ಬಿಸಿಯಲ್ಲಿ ವಾರದೊಳಗೆ ಒಂದು ತಲೆಮಾರು ಹೆಚ್ಚಿಸಿಕೊಂಡು, ಹಗಲು ಬಿರುಕುಗಳಲ್ಲಿ ಅಡಗಿ, ರಾತ್ರಿ ರಕ್ತ ಹೀರುತ್ತದೆ.

ಹುಂಜ ಇರುವುದರಿಂದ ನಿಮ್ಮ ಮೊಟ್ಟೆಗಳು ಫಲಿತವಾಗಿರುತ್ತವೆ. ಸುಮಾರು 21 ಡಿಗ್ರಿಯ ಮೇಲೆ ಭ್ರೂಣ ಬೆಳೆಯತೊಡಗುವುದರಿಂದ ಬೇಸಿಗೆಯಲ್ಲಿ ಅರ್ಧ ದಿನ ಪೆಟ್ಟಿಗೆಯಲ್ಲೇ ಉಳಿದ ಮೊಟ್ಟೆಯೂ ಕೆಡುವ ದಾರಿ ಹಿಡಿಯುತ್ತದೆ. ದಿನಕ್ಕೆ ಎರಡು ಮೂರು ಬಾರಿ ಆರಿಸಿ ತಂಪು ಜಾಗದಲ್ಲಿಡಿ, ಮರಿಗೆ ಕೂರಿಸುವ ಮೊಟ್ಟೆಗಳನ್ನು ಈ ತಿಂಗಳುಗಳಲ್ಲಿ ಕೂಡಿಡಬೇಡಿ.

ಕೊನೆಯದಾಗಿ ತಳಿ. ಹಗುರ ಮೈ, ತೆಳು ಪುಕ್ಕ, ದೊಡ್ಡ ಜುಟ್ಟು, ಬೋಳು ಕಾಲು ಇವು ಬಿಸಿ ನಾಡಿನ ಕೋಳಿಯ ಲಕ್ಷಣಗಳು. ಮೆಡಿಟರೇನಿಯನ್ ಮೂಲದ ಲೆಗ್‌ಹಾರ್ನ್, ಈಜಿಪ್ಟಿನ ಫಯೂಮಿ, ಬಿಸಿ ಪ್ರದೇಶಗಳಲ್ಲಿ ತಲೆಮಾರುಗಳಿಂದ ಬೆಳೆದ ನಾಟಿ ತಳಿಗಳು ಇದಕ್ಕೆ ಹೊಂದುತ್ತವೆ. ಬೋಳುಕುತ್ತಿಗೆಯ ಕೋಳಿಯನ್ನು ನೋಡಲು ಚೆಂದವಿಲ್ಲವೆಂದು ದೂರವಿಡುವವರಿದ್ದಾರೆ. ಆ ಗುಣದ ಜೀನು ಒಬ್ಬ ಪೋಷಕನಿಂದ ಬಂದರೆ ಪುಕ್ಕದ ಒಟ್ಟು ಪ್ರಮಾಣ ಸುಮಾರು ಐದನೇ ಒಂದರಷ್ಟು, ಇಬ್ಬರಿಂದಲೂ ಬಂದರೆ ಅದಕ್ಕಿಂತ ಬಹಳ ಹೆಚ್ಚು ತಗ್ಗುತ್ತದೆ, ಧಗೆಯಲ್ಲಿ ಅವು ಉಳಿದವುಗಳಿಗಿಂತ ಚೆನ್ನಾಗಿ ತಿಂದು ಚೆನ್ನಾಗಿ ಮೊಟ್ಟೆ ಇಡುತ್ತವೆ. ಬ್ರಹ್ಮಾ, ಕೊಚಿನ್, ಆರ್ಪಿಂಗ್ಟನ್‌ನಂಥ ದಪ್ಪ ಪುಕ್ಕದ ಭಾರಿ ತಳಿಗಳನ್ನು ಚೆಂದಕ್ಕೆ ಮಾರುಹೋಗಿ ತರಬೇಡಿ, ಅದು ಅವುಗಳಿಗೆ ಮಾಡುವ ಅನ್ಯಾಯ. ಏನನ್ನೇ ತಂದರೂ ಬಿಸಿಲು ಇಳಿದ ಮೇಲೆ ತನ್ನಿ, ಎರಡು ಮೂರು ವಾರ ಹಳೆಯ ಗುಂಪಿನಿಂದ ಬೇರೆಯಾಗಿಟ್ಟು ರೋಗವಿಲ್ಲವೆಂದು ಖಚಿತವಾದ ಬಳಿಕ ಸೇರಿಸಿ. ಮರಿಗಳನ್ನು ತರುವುದಾದರೆ ಅವುಗಳ ಲೆಕ್ಕವೇ ಬೇರೆ: ಮೊದಲ ವಾರ ಅವುಗಳಿಗೆ 32ರಿಂದ 35 ಡಿಗ್ರಿಯ ಬೆಚ್ಚನೆ ಬೇಕು, ಮುಂದಿನ ಪ್ರತಿ ವಾರ ಮೂರು ಡಿಗ್ರಿಯಷ್ಟು ಕಡಿಮೆ. ಹಗಲು ಬಲ್ಬು ಬೇಡವಾದರೂ ಬೆಳಗಿನ ಜಾವ ಅವು ಒಂದರ ಮೇಲೊಂದು ಗುಂಪುಗೂಡುತ್ತವೆಯೇ ಎಂದು ನೋಡಿ, ಗುಂಪುಗೂಡಿದರೆ ಆ ಹೊತ್ತಿಗೆ ಮಾತ್ರ ಹಾಕಿ.